ಹನ್ನೆರಡು ಮಂದಿ ಕಟ್ಟುವ ಕಥೆ

ಕಥೆಯನ್ನು ಕೇಳುವವನು ಸುಮ್ಮನೆ ಕೇಳುತ್ತ ಕೂರುವುದಿಲ್ಲ. ಕೇಳುತ್ತಲೇ ತನ್ನದೊಂದು ಕಥೆಯನ್ನು ಕಟ್ಟಿಕೊಳ್ಳುತ್ತಾನೆ. ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಇದು ಹೊಸ ಸಂಗತಿಯೇನಲ್ಲ. ಕವಿಯಷ್ಟೇ ಸಹೃದಯನೂ ಕೃತಿಗೆ ಜೀವ ಕೊಡುತ್ತಾನೆಂದು ವರ್ಷವರ್ಷವೂ ತರಗತಿಯಲ್ಲಿ ವಾದಿಸಿದವನು ನಾನು. ಆದರೆ ಈ ಮಾತು ಕಾವ್ಯದ ಅಂಗಳವನ್ನು ದಾಟಿ ಕೊಲೆ ಮೊಕದ್ದಮೆಯ ಕಟಕಟೆಯವರೆಗೂ ಹೋಗಬಲ್ಲುದೆಂದು ತಿಳಿದದ್ದು ಕಾನೂನು ಕಾಲೇಜಿನ ಮಿತ್ರರೊಬ್ಬರು ಕೈಗಿತ್ತ ಕೆಲವು ಪುಸ್ತಕಗಳಿಂದ. ಜ್ಯೂರಿಯ ಮನಸ್ಸನ್ನು ಕುರಿತು ಅಮೆರಿಕದ ವಿದ್ವಾಂಸರು ನಡೆಸಿದ ಸಂಶೋಧನೆಗಳು ಅವು.

ಜ್ಯೂರಿ ಎಂದರೆ ಕಾನೂನು ಓದದ ಸಾಮಾನ್ಯ ನಾಗರಿಕರ ಮಂಡಳಿ. ಅಂಗಡಿಯವನು, ಉಪಾಧ್ಯಾಯಿನಿ, ಬಡಗಿ, ಗೃಹಿಣಿ, ಹೀಗೆ ಹನ್ನೆರಡು ಮಂದಿ ಸಾಕ್ಷ್ಯವನ್ನೆಲ್ಲ ಕೇಳಿ, ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಬಂದು ಅಪರಾಧಿ ಎನ್ನುತ್ತಾರೆ, ಅಥವಾ ಅಲ್ಲವೆನ್ನುತ್ತಾರೆ. ಏಕೆ ಎಂದು ಹೇಳಬೇಕಾದ ಕಟ್ಟಳೆಯಿಲ್ಲ. ಆ ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತದೆ?

ಈ ಪ್ರಶ್ನೆಗೆ ತನ್ನ ಬಾಳಿನ ಉತ್ತರಾರ್ಧವನ್ನು ಮೀಸಲಿಟ್ಟವನು ಹ್ಯಾನ್ಸ್ ಜೈಸಲ್. 1905ರಲ್ಲಿ ಬೊಹೀಮಿಯಾದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದವನು. ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಿಯಾದ ಮಾರಿಯಂಥಾಲ್ ಎಂಬ ಹಳ್ಳಿಯನ್ನು ಮರೀ ಯಾಹೋಡಾ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ ಇವರ ಜೊತೆ ಅಭ್ಯಸಿಸಿ, 1933ರಲ್ಲಿ ಹೊರತಂದ ಗ್ರಂಥ ಇಂದಿಗೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಆಕರ. ನಾಜಿಗಳು ಆಸ್ಟ್ರಿಯಾವನ್ನು ನುಂಗಿದ 1938ರಲ್ಲೇ ಅಮೆರಿಕ ಸೇರಿದ. ಅಲ್ಲಿ ಅವನಿಗೆ ದೊರೆತದ್ದು ಮಾರುಕಟ್ಟೆಯ ಸಮೀಕ್ಷೆಯ ಕೆಲಸ. ಜನ ಚಹಾ ಏಕೆ ಕುಡಿಯುತ್ತಾರೆ, ಏಕೆ ಕುಡಿಯುವುದಿಲ್ಲ ಎಂಬ ಲೆಕ್ಕವನ್ನೂ ಹಾಕಿದವನು. ಅಲ್ಲಿಂದ 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಬಂದ. ಚಹಾದಿಂದ ಗಲ್ಲುಶಿಕ್ಷೆಯವರೆಗಿನ ಈ ದಾರಿ ವಿಚಿತ್ರವೆಂದು ನಮಗೆ ತೋರಬಹುದು. ಮನುಷ್ಯನು ಒಂದು ನಿರ್ಧಾರಕ್ಕೆ ಹೇಗೆ ಬರುತ್ತಾನೆಂಬ ಕುತೂಹಲ ಮಾತ್ರ ಎರಡೂ ಕಡೆ ಒಂದೇ.

ಶಿಕಾಗೊದ ಸಂಶೋಧಕರು ಮೊದಲು ಹಿಡಿದದ್ದು ನೇರವಾದ ದಾರಿ. 1954ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ, ನ್ಯಾಯಾಧೀಶರ ಒಪ್ಪಿಗೆ ಪಡೆದು, ಜ್ಯೂರಿಯ ಕೋಣೆಯಲ್ಲಿ ಗುಟ್ಟಾಗಿ ಧ್ವನಿಗ್ರಾಹಕವನ್ನಿಟ್ಟರು. ಮರುವರ್ಷ ಸುದ್ದಿ ಹೊರಬಿದ್ದಾಗ ದೇಶವೇ ಕೆರಳಿತು. ಸೆನೆಟ್ಟಿನಲ್ಲಿ ವಿಚಾರಣೆಯಾಯಿತು, 1956ರಲ್ಲಿ ಹಾಗೆ ಕದ್ದು ಕೇಳುವುದನ್ನೇ ಅಪರಾಧವೆನ್ನುವ ಕಾನೂನು ಬಂದಿತು. ಬಂದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಯಾರೋ ಕೇಳುತ್ತಿದ್ದಾರೆಂಬ ಅಳುಕಿದ್ದಲ್ಲಿ ಬಡಗಿಯೂ ಗೃಹಿಣಿಯೂ ಬಾಯಿ ಬಿಟ್ಟಾರೆಯೆ?

ಬಾಗಿಲು ಮುಚ್ಚಿತು, ಜೈಸಲ್ ಕಿಟಕಿ ಹುಡುಕಿದ. ಅವನೂ ಕಾನೂನು ಪಂಡಿತ ಹ್ಯಾರಿ ಕ್ಯಾಲ್ವನ್ನನೂ ಸೇರಿ ಪ್ರಶ್ನಾವಳಿ ಕಳುಹಿಸಿ ದೇಶದ 555 ನ್ಯಾಯಾಧೀಶರಿಂದ ಉತ್ತರ ಪಡೆದರು. ನಿಮ್ಮ ಮುಂದೆ ನಡೆದ ಮೊಕದ್ದಮೆಯಲ್ಲಿ ಜ್ಯೂರಿ ಏನು ತೀರ್ಪು ಕೊಟ್ಟಿತು, ನೀವೊಬ್ಬರೇ ತೀರ್ಮಾನಿಸುವುದಿದ್ದರೆ ಏನು ಹೇಳುತ್ತಿದ್ದಿರಿ? ಕೇಳಿದ್ದರ ತಿರುಳು ಇಷ್ಟೆ. ಹೀಗೆ 3,576 ಮೊಕದ್ದಮೆಗಳ ವಿವರ ಕೂಡಿಬಂದು, 1966ರಲ್ಲಿ ಅಮೆರಿಕದ ಜ್ಯೂರಿಯನ್ನು ಕುರಿತ ಅವರ ಮಹಾಗ್ರಂಥವಾಯಿತು. ನೂರಕ್ಕೆ 78 ಪ್ರಕರಣಗಳಲ್ಲಿ ಇಬ್ಬರ ಮಾತೂ ಒಂದೇ. ಉಳಿದವುಗಳಲ್ಲಿ 19ರಲ್ಲಿ ಜ್ಯೂರಿಯದು ನ್ಯಾಯಾಧೀಶರಿಗಿಂತ ಮೃದು ನಿಲುವು. ಮೂರರಲ್ಲಿ ಮಾತ್ರ ಅವರಿಗಿಂತ ಕಠಿಣ. ಸಾಕ್ಷ್ಯ ಸ್ಪಷ್ಟವಾಗಿದ್ದಲ್ಲಿ ಜ್ಯೂರಿ ಅದನ್ನೇ ಹಿಂಬಾಲಿಸುತ್ತದೆ. ಸಾಕ್ಷ್ಯ ತೂಗಾಡುವಲ್ಲಿ ಮಾತ್ರ ಅದರ ಕರುಣೆ, ಸಿಟ್ಟು, ಲೋಕಾನುಭವಗಳು ತಕ್ಕಡಿಗೆ ಇಳಿಯುತ್ತವೆ. ಹಾಗಾದರೆ ಆ 22ರಲ್ಲಿ ಸರಿಯಾದವರು ಯಾರು? ನ್ಯಾಯಾಧೀಶರ ತೀರ್ಪನ್ನೇ ಸತ್ಯವೆಂದು ಹಿಡಿಯಲು ಆಧಾರವಿಲ್ಲ. ಈ ಲೆಕ್ಕ ಭಿನ್ನತೆಯನ್ನು ತೋರುತ್ತದೆಯೇ ಹೊರತು ತಪ್ಪನ್ನಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಜ್ಯೂರಿಯ ಮೊದಲ ಮತದಲ್ಲಿ ಯಾವ ಕಡೆ ಬಹುಮತವಿತ್ತೋ, ಹತ್ತರಲ್ಲಿ ಒಂಬತ್ತು ಸಲ ಕೊನೆಯ ತೀರ್ಪೂ ಅದೇ. ಅಲ್ಪಮತದವನು ಗಂಟೆಗಟ್ಟಲೆ ವಾದಿಸಿ ಎಲ್ಲರ ಮನಸ್ಸನ್ನು ತಿರುಗಿಸುವುದು ಸಿನಿಮಾದಲ್ಲಿ ಕಾಣುವಷ್ಟು ಸುಲಭವಾಗಿ ಲೋಕದಲ್ಲಿ ಕಾಣದು. ಆದರೆ ಜೊತೆಗೊಬ್ಬನಿದ್ದರೆ? 1950ರ ದಶಕದಲ್ಲಿ ಸಾಲಮನ್ ಆ್ಯಶ್ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಗೆರೆಗಳ ಉದ್ದವನ್ನು ಹೋಲಿಸುವ ಸರಳ ಕೆಲಸದಲ್ಲಿ, ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದರೆ ಕಣ್ಣೆದುರಿನ ಸತ್ಯವನ್ನೂ ಅನೇಕರು ಬಿಟ್ಟುಕೊಟ್ಟರು. ಒಬ್ಬನೇ ಒಬ್ಬ ಸರಿಯಾದ ಮಾತಾಡಿದರೆ ಸಾಕು, ಆ ಒತ್ತಡದ ಬಹುಪಾಲು ಕರಗಿಹೋಗುತ್ತಿತ್ತು.

1970ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆರು ಜನರ ಜ್ಯೂರಿಯೂ ಸಾಕೆಂದಿತು. ಐವರಿಗೆ ಎದುರಾಗಿ ಒಬ್ಬ ನಿಲ್ಲುವುದೂ ಹತ್ತು ಮಂದಿಗೆ ಎದುರಾಗಿ ಇಬ್ಬರು ನಿಲ್ಲುವುದೂ ಪ್ರಮಾಣದಲ್ಲಿ ಒಂದೇ ತಾನೆ ಎಂಬ ತರ್ಕ. ಗಣಿತಕ್ಕೆ ಒಂದೇ ಇರಬಹುದು; ಒಂಟಿಯಾಗಿ ನಿಂತವನ ಎದೆಗೆ ಒಂದೇ ಅಲ್ಲ. ಜೈಸಲ್ ಲೇಖನಿ ಹಿಡಿದ. ಜನಸಂಖ್ಯೆಯಲ್ಲಿ ಹತ್ತನೆಯ ಒಂದು ಪಾಲು ಒಂದು ಅಲ್ಪಸಂಖ್ಯಾತ ಗುಂಪಿದೆಯೆನ್ನೋಣ. ಹನ್ನೆರಡು ಜನರ ನೂರು ಜ್ಯೂರಿಗಳನ್ನು ಚೀಟಿಯೆತ್ತಿ ಆರಿಸಿದರೆ ಸುಮಾರು 72ರಲ್ಲಿ ಆ ಗುಂಪಿನ ಒಬ್ಬರಾದರೂ ಇರುತ್ತಾರೆ. ಆರು ಜನರದಾದರೆ ಸುಮಾರು 47ರಲ್ಲಿ ಮಾತ್ರ. 1978ರಲ್ಲಿ ಐದು ಜನರ ಜ್ಯೂರಿಯ ಪ್ರಶ್ನೆ ಬಂದಾಗ ನ್ಯಾಯಾಲಯ ಇಂತಹ ಅಧ್ಯಯನಗಳನ್ನು ಹೆಸರಿಸಿಯೇ ಐದು ಕೂಡದೆಂದಿತು. ಆದರೆ ಆರನ್ನು ಹಾಗೆಯೇ ಉಳಿಸಿಕೊಂಡಿತು! ಆರಕ್ಕೂ ಅನ್ವಯಿಸುವ ವಾದವನ್ನು ಐದಕ್ಕೆ ಮಾತ್ರ ಒಪ್ಪುವ ಈ ಜಾಣತನ ನನಗಂತೂ ಅರ್ಥವಾಗಿಲ್ಲ. ಜೈಸಲ್ 1992ರಲ್ಲಿ ತೀರಿಕೊಂಡ.

ಈಗ ನಮ್ಮ ಕಸುಬಿಗೆ ಹತ್ತಿರವಾದ ವಿಷಯ. ನ್ಯಾನ್ಸಿ ಪೆನಿಂಗ್ಟನ್ ಮತ್ತು ರೀಡ್ ಹೇಸ್ಟಿ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಕಂಡುಕೊಂಡದ್ದೇನೆಂದರೆ, ಜ್ಯೂರಿಯವನು ಸಾಕ್ಷ್ಯಗಳನ್ನು ಒಂದೊಂದಾಗಿ ತೂಗಿ ಕೂಡಿಸುವುದಿಲ್ಲ; ಅವುಗಳಿಂದ ಒಂದು ಕಥೆ ಹೆಣೆಯುತ್ತಾನೆ. ಅವರು ಬಳಸಿದ ಮೊಕದ್ದಮೆ ಸರಳವಾದುದು. ಮದ್ಯದಂಗಡಿಯಲ್ಲಿ ಹಗಲು ಇಬ್ಬರಿಗೆ ಜಗಳ; ಅದೇ ರಾತ್ರಿ ಮತ್ತೆ ಭೇಟಿ, ಹೊಡೆದಾಟ, ಒಬ್ಬನ ಚಾಕುವಿನಿಂದ ಇನ್ನೊಬ್ಬನ ಸಾವು. ಚಾಕು ಅವನ ಜೇಬಿನಲ್ಲಿ ಎಂದಿನಂತೆ ಇದ್ದುದೆ, ಬೇಕೆಂದೇ ತಂದುದೆ? ಸಾಕ್ಷಿಗಳು ಬಿಟ್ಟ ತೆರಪನ್ನು ಕೇಳಿದವರು ತಾವೇ ತುಂಬಿಕೊಂಡರು. ಒಬ್ಬರಿಗೆ ಸೇಡಿನ ಕಥೆ, ಇನ್ನೊಬ್ಬರಿಗೆ ಪ್ರಾಣರಕ್ಷಣೆಯ ಕಥೆ. ತೀರ್ಪು ಹುಟ್ಟಿದ್ದು ಕಥೆಯಿಂದ.

1988ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಇನ್ನೂ ಮುಂದಕ್ಕೆ ಹೋಯಿತು. ಸಾಕ್ಷ್ಯವೆಲ್ಲ ಅದೇ, ಬದಲಾದದ್ದು ಹೇಳುವ ಅನುಕ್ರಮ. ಆರೋಪದ ಸಾಕ್ಷ್ಯವನ್ನು ಕಥೆಯ ಅನುಕ್ರಮದಲ್ಲಿಯೂ, ಆರೋಪಿಯ ಪರ ಸಾಕ್ಷ್ಯವನ್ನು ಸಾಕ್ಷಿಗಳು ಬಂದಂತೆ ಬಿಡಿಬಿಡಿಯಾಗಿಯೂ ಕೇಳಿಸಿದಾಗ ನೂರಕ್ಕೆ 78 ಮಂದಿ ಅಪರಾಧಿ ಎಂದರು. ಅದನ್ನೇ ಹಿಂದುಮುಂದು ಮಾಡಿದಾಗ 31 ಮಂದಿ. ಹಗ್ಗಕ್ಕೂ ಬಿಡುಗಡೆಗೂ ನಡುವಿನ ಅಂತರ ನಿರೂಪಣೆಯ ಕ್ರಮದಲ್ಲಿ ಅಡಗಿತ್ತು.

ಇದನ್ನು ಓದಿದಾಗ ನನಗೆ ಕೂಡಲೆ ನೆನಪಾದವನು ರನ್ನ. ಗದಾಯುದ್ಧವನ್ನು ಅವನು ಸಿಂಹಾವಲೋಕನ ಕ್ರಮದಿಂದ, ಕೊನೆಯಿಂದ ಹಿಂದಕ್ಕೆ ನೋಡುತ್ತ ಹೇಳಿದ. ಸತ್ತವರ ನಡುವೆ ನಡೆದುಹೋಗುವ ದುರ್ಯೋಧನನನ್ನು ನಾವು ಕಾಣುತ್ತೇವೆ; ಅರಗಿನ ಮನೆ, ಜೂಜಿನ ಸಭೆಗಳು ಬರುವುದು ನೆನಪಾಗಿ ಮಾತ್ರ. ಕ್ರಮವಾಗಿ ಆದಿಯಿಂದ ಹೇಳಿದ್ದರೆ ನಮ್ಮ ಮನಸ್ಸು ಆ ಛಲದಂಕಮಲ್ಲನಿಗೆ ಅಷ್ಟು ಕರಗುತ್ತಿತ್ತೆ? ಕಾವ್ಯದಲ್ಲಿ ಇದನ್ನು ಪ್ರತಿಭೆಯೆಂದು ಕೊಂಡಾಡುತ್ತೇವೆ. ಅದೇ ಕೌಶಲ ವಕೀಲನ ನಾಲಗೆಗೆ ಬಂದಾಗ, ಕಟಕಟೆಯಲ್ಲಿ ನಿಂತವನು ನಿರಪರಾಧಿಯಾಗಿದ್ದರೆ, ಕೊಂಡಾಡಲು ನಾಲಗೆ ಏಳುವುದಿಲ್ಲ.

ನಮ್ಮಲ್ಲಿ ಈಗ ಜ್ಯೂರಿಯಿಲ್ಲವಷ್ಟೆ. 1959ರ ನಾನಾವತಿ ಮೊಕದ್ದಮೆಯಲ್ಲಿ ಮುಂಬಯಿಯ ಜ್ಯೂರಿ ಎಂಟಕ್ಕೆ ಒಂದರಂತೆ ಆರೋಪಿಯನ್ನು ನಿರಪರಾಧಿಯೆಂದು ಸಾರಿ, ಆ ತೀರ್ಪನ್ನು ಹೈಕೋರ್ಟು ತಳ್ಳಿಹಾಕಿದ್ದು ಎಲ್ಲರಿಗೂ ಗೊತ್ತು. ಅದರಿಂದಲೇ ಜ್ಯೂರಿ ರದ್ದಾಯಿತೆಂಬ ಮಾತು ಪೂರ್ತಿ ನಿಜವಲ್ಲ. ರದ್ದುಪಡಿಸಬೇಕೆಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು, 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಕೈಬಿಟ್ಟಿತು. ಆದರೆ ಕಥೆ ಕಟ್ಟುವ ಮನಸ್ಸು ರದ್ದಾಗಲಿಲ್ಲ. ಪತ್ರಿಕೆ ಓದುವಾಗ, ಬೀದಿಯ ಕಟ್ಟೆಯ ಮೇಲೆ, ನಾವೆಲ್ಲ ದಿನವೂ ಜ್ಯೂರಿಗಳೇ.

ಈ ಎಚ್ಚರ ನಮ್ಮ ಹಿರಿಯರಿಗಿತ್ತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಸುಳ್ಳುಗಾರನ ಲಕ್ಷಣಗಳನ್ನು ಸ್ಮೃತಿ ಪಟ್ಟಿಮಾಡುತ್ತದೆ: ನಿಂತಲ್ಲಿ ನಿಲ್ಲದಿರುವುದು, ಕಟವಾಯಿ ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಕೆಡುವುದು. ವಿಜ್ಞಾನೇಶ್ವರ ಇಲ್ಲಿ ತಡೆದು ಹೇಳುತ್ತಾನೆ, ಇವು ದೋಷದ ಶಂಕೆಗೆ ಮಾತ್ರ, ನಿಶ್ಚಯಕ್ಕಲ್ಲ; ಸಹಜವಾದ ವಿಕಾರ ಯಾವುದು, ಕಾರಣದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟವೆಂದು. 2006ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಳ್ಳು ನಿಜಗಳನ್ನು ಜನ ಸರಿಯಾಗಿ ಗುರುತಿಸಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಇದನ್ನು ಓದುವುದಕ್ಕೆ ಮುಂಚೆಯೇ ನಾನು ಒಮ್ಮೆ ಇದನ್ನು ಕಂಡಿದ್ದೆ. ಪರೀಕ್ಷೆಯಲ್ಲಿ ನಕಲು ಮಾಡಿದನೆಂಬ ಆರೋಪದ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಮೂವರು ಅಧ್ಯಾಪಕರ ಸಮಿತಿಯ ಮುಂದೆ ನಿಲ್ಲಿಸಿದ್ದರು; ಮೂವರಲ್ಲಿ ನಾನೊಬ್ಬ. ಪಕ್ಕದ ಊರಿನಿಂದ ಬರುತ್ತಿದ್ದ ಹುಡುಗ, ಮನೆಯಲ್ಲಿ ಓದಿದವರು ಅವನೇ ಮೊದಲಿಗ. ಮಾತು ತೊದಲುತ್ತಿತ್ತು. "ಮುಖ ನೋಡಿ ಸ್ವಾಮಿ, ಹೇಗೆ ಬೆವರುತ್ತಿದ್ದಾನೆ" ಎಂದರು ಸಮಿತಿಯ ಹಿರಿಯರು. ಗಣಿತದ ಮೇಷ್ಟರು ಏನೂ ಹೇಳದೆ, ಪರೀಕ್ಷಾ ಕೊಠಡಿಯಲ್ಲಿ ಯಾರು ಎಲ್ಲಿ ಕೂತಿದ್ದರೆಂಬ ನಕ್ಷೆಯನ್ನು ತರಿಸಿದರು. ಯಾರ ಉತ್ತರವನ್ನು ಇವನು ನೋಡಿ ಬರೆದನೆಂಬ ಆರೋಪವಿತ್ತೋ ಆ ವಿದ್ಯಾರ್ಥಿ ಕೂತಿದ್ದುದು ಇವನ ಬೆನ್ನ ಹಿಂದೆ, ಎರಡು ಸಾಲು ಆಚೆ. ಆರೋಪವನ್ನು ಕೈಬಿಟ್ಟಿದ್ದೇವೆಂದು ತಿಳಿಸಿದೆವು. ಏಪ್ರಿಲ್ ತಿಂಗಳು, ತಗಡಿನ ಮಾಡು. ಹುಡುಗ ಕೈಮುಗಿದು ಹೊರಗೆ ಹೋಗುವಾಗಲೂ ಬೆವರುತ್ತಲೇ ಇದ್ದ.