ಚೀಟಿ ಎತ್ತಿ ಕೊಟ್ಟ ಬೇಸಿಗೆ ಕೆಲಸ

ಇವತ್ತು ಒಂದು ಚೀಟಿ ಎತ್ತೋ ಕಥೆಯಿಂದಲೇ ಶುರು ಮಾಡ್ತೀನಿ. ಎರಡು ವಾರದಿಂದ ನನ್ನ ತಲೆಯಲ್ಲಿ ಅದೇ ಕೂತಿದೆ.

ನ್ಯೂಯಾರ್ಕ್ ನಗರದಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ ನಗರಾಡಳಿತವೇ ಹದಿಹರೆಯದ ಮಕ್ಕಳಿಗೆ ಸಂಬಳದ ಕೆಲಸ ಕೊಡತ್ತೆ. 1963ರಿಂದ ನಡ್ಕೊಂಡು ಬಂದಿದೆ ಇದು. ಮಕ್ಕಳ ಬೇಸಿಗೆ ಶಿಬಿರ, ಪಾರ್ಕು, ಆಸ್ಪತ್ರೆ, ಶಿಶುವಿಹಾರ, ಸರ್ಕಾರಿ ಕಚೇರಿ, ಇಂಥ ಕಡೆ ಕೆಲಸ. ಆದರೆ ಇರೋ ಕೆಲಸಕ್ಕಿಂತ ಬರೋ ಅರ್ಜಿ ಜಾಸ್ತಿ. ಯಾರಿಗೆ ಕೊಡೋದು, ಯಾರಿಗೆ ಬಿಡೋದು? ಕಂಪ್ಯೂಟರ್ ಚೀಟಿ ಎತ್ತತ್ತೆ. ಒಂದೇ ಬೀದಿ, ಒಂದೇ ಶಾಲೆ, ಒಂದೇ ಬೆಂಚಿನ ಇಬ್ಬರು ಹುಡುಗರು. ಒಬ್ಬನ ಹೆಸರು ಬಂತು, ಇನ್ನೊಬ್ಬನದು ಬರಲಿಲ್ಲ.

ಈಗ ಸಂಶೋಧಕರ ಕಣ್ಣಿಂದ ನೋಡಿ. ಈ ಇಬ್ಬರ ನಡುವೆ ಇರೋ ವ್ಯತ್ಯಾಸ ಅಂದ್ರೆ ಆ ಚೀಟಿ ಒಂದೇ. ಮುಂದೆ ಇವರ ಬದುಕು ಬೇರೆ ಬೇರೆ ದಾರಿ ಹಿಡಿದ್ರೆ, ಹುಡುಗ ಬುದ್ಧಿವಂತ, ಅಪ್ಪ ಅಮ್ಮ ಕಾಳಜಿ ಮಾಡಿದ್ರು ಅಂತ ಯಾರೂ ಹೇಳೋ ಹಾಗಿಲ್ಲ. ಅಲೆಕ್ಸಾಂಡರ್ ಗೆಲ್ಬರ್, ಆಡಂ ಐಸೆನ್, ಜಡ್ ಕೆಸ್ಲರ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು 2005ರಿಂದ 2008ರವರೆಗಿನ ಚೀಟಿಗಳನ್ನ ಹಿಡ್ಕೊಂಡು ಕೂತರು. 2 ಲಕ್ಷ 90 ಸಾವಿರಕ್ಕೂ ಹೆಚ್ಚು ಅರ್ಜಿ. ಅವನ್ನ ತೆರಿಗೆ ಇಲಾಖೆ ದಾಖಲೆ, ಜೈಲಿನ ದಾಖಲೆ, ಮರಣದ ದಾಖಲೆ, ಎಲ್ಲದರ ಜೊತೆ ತಾಳೆ ಹಾಕಿದರು. 2016ರಲ್ಲಿ ಅದು ಪ್ರಕಟ ಆಯ್ತು.

ಏನು ಸಿಕ್ಕಿತು ಗೊತ್ತಾ? ಬೇಸಿಗೆ ಕೆಲಸ ಮಾಡಿದ ಮಕ್ಕಳು ಮುಂದೆ ಜಾಸ್ತಿ ದುಡಿಯಲಿಲ್ಲ. ನಂತರದ ಮೂರು ವರ್ಷದಲ್ಲಿ ಅವರ ಗಳಿಕೆ ಸರಾಸರಿ ಸ್ವಲ್ಪ ಕಡಿಮೆಯೇ ಆಗಿತ್ತು. ಕಾಲೇಜಿಗೆ ಹೋಗೋದೂ ಹೆಚ್ಚಲಿಲ್ಲ. ಆದರೆ ಜೈಲಿಗೆ ಹೋದವರು ಕಡಿಮೆ. ಸತ್ತವರೂ ಕಡಿಮೆ.

ಸತ್ತವರು. ನಾನು ಆ ಸಾಲನ್ನ ಮೂರು ಸಲ ಓದಿದೆ. ಸಾವಿನ ಪ್ರಮಾಣ ಹತ್ತಿರ ಹತ್ತಿರ ಐದನೇ ಒಂದು ಭಾಗ ಇಳಿದಿತ್ತು. ಇಲ್ಲಿ ಲೆಕ್ಕ ಸರಿಯಾಗಿ ಹೇಳಬೇಕು, ಇಲ್ಲಾಂದ್ರೆ ತಪ್ಪು ತಿಳುವಳಿಕೆ ಆಗತ್ತೆ. ಆ ವಯಸ್ಸಿನಲ್ಲಿ ಸಾವೇ ಅಪರೂಪ. ಹಾಗಾಗಿ ಐದನೇ ಒಂದು ಭಾಗ ಅಂದ್ರೆ ಹತ್ತು ಸಾವಿರ ಮಕ್ಕಳಿಗೆ ಏಳೆಂಟು ಜೀವ. ಏಳೆಂಟು ಮನೆಯಲ್ಲಿ ಮಗನೋ ಮಗಳೋ ಇನ್ನೂ ಇದ್ದಾರೆ, ಒಂದು ಬೇಸಿಗೆ ಎಲ್ಲೋ ಒಂದು ಕಡೆ ಫೈಲ್ ಜೋಡಿಸಿದ್ದಕ್ಕೆ.

ಈ ಅಧ್ಯಯನವನ್ನೇ ಹಿಡ್ಕೊಂಡು, ನೋಡಿ ಗಳಿಕೆ ಹೆಚ್ಚಲಿಲ್ಲ, ಓದು ಹೆಚ್ಚಲಿಲ್ಲ, ಜನರ ತೆರಿಗೆ ದುಡ್ಡು ದಂಡ ಅಂತ ವಾದ ಮಾಡೋರಿದ್ದಾರೆ. ನನಗೆ ಈ ವಾದ ಒಪ್ಪೋಕೆ ಆಗಲ್ಲ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ಬೇಸಿಗೆಯ ಕೆಲಸದಿಂದ ಜೀವಮಾನದ ಸಂಬಳ ಏರಬೇಕು ಅಂತ ನಿರೀಕ್ಷೆ ಮಾಡಿದ್ದೇ ತಪ್ಪು. ಹದಿನಾರರ ಹುಡುಗನಿಗೆ ಕೊಡೋ ಕೆಲಸ ಹೂಡಿಕೆ, ಅದು ಬಡ್ಡಿ ಸಮೇತ ವಾಪಸ್ ಬರಬೇಕು ಅನ್ನೋ ಲೆಕ್ಕದಲ್ಲಿ ಬದುಕಿ ಉಳಿದ ಹುಡುಗನಿಗೆ ಕಾಲಂ ಎಲ್ಲಿದೆ? ಆ ಕಾಲಂ ಹಾಕಿ ಆಮೇಲೆ ದಂಡ ಅನ್ನಿ, ಕೇಳ್ತೀನಿ.

ಇದಕ್ಕಿಂತ ಜನಪ್ರಿಯವಾದ ಇನ್ನೊಂದು ಮಾತಿದೆ. ಕೆಲಸ ಕೊಟ್ರೆ ಹುಡುಗರು ಬೀದಿ ಸುತ್ತಲ್ಲ, ಹಗಲು ಹೊತ್ತು ಒಂದು ಕಡೆ ಕೂರ್ತಾರೆ, ಅಷ್ಟೇ ಲಾಭ ಅಂತ. ಖಾಲಿ ಮನಸ್ಸು ದೆವ್ವದ ಮನೆ ಅಂತೀವಲ್ಲ, ಆ ಲೆಕ್ಕ. ಈ ಮಾತನ್ನ ನೇರವಾಗಿ ಒರೆಗೆ ಹಚ್ಚಿದ್ದು ಶಿಕಾಗೋ.

2012. ಆ ವರ್ಷ ಶಿಕಾಗೋದಲ್ಲಿ 500ಕ್ಕೂ ಹೆಚ್ಚು ಕೊಲೆ ಆದವು. ಹಿಂಸೆ ಹೆಚ್ಚಿರೋ ಪ್ರದೇಶಗಳ 13 ಹೈಸ್ಕೂಲುಗಳಿಂದ 1,634 ಮಕ್ಕಳು ಅರ್ಜಿ ಹಾಕಿದ್ರು. ಚೀಟಿ ಎತ್ತಿ 700ಕ್ಕೂ ಹೆಚ್ಚು ಮಕ್ಕಳಿಗೆ ಕೆಲಸ ಕೊಟ್ಟರು. ಎಂಟು ವಾರ, ವಾರಕ್ಕೆ 25 ಗಂಟೆ, ಗಂಟೆಗೆ 8 ಡಾಲರ್ 25 ಸೆಂಟ್, ಅಂದ್ರೆ ಆಗಿನ ಕನಿಷ್ಠ ವೇತನ. ಒಬ್ಬ ಹುಡುಗಿ ಶಿಬಿರದಲ್ಲಿ ಚಿಕ್ಕ ಮಕ್ಕಳನ್ನ ನೋಡ್ಕೊಂಡ್ರೆ, ಇನ್ನೊಬ್ಬ ಸಮುದಾಯದ ತೋಟದಲ್ಲಿ ಮಣ್ಣು ಅಗೆದ, ಮತ್ತೊಬ್ಬ ವಾರ್ಡಿನ ಕೌನ್ಸಿಲರ್ ಆಫೀಸಲ್ಲಿ ಫೋನ್ ಎತ್ತಿದ. ಸುಮಾರು ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು. ಅವರ ಕೆಲಸ ಏನಂದ್ರೆ ಬಸ್ ತಪ್ಪಿದ್ರೆ ಏನು ಮಾಡ್ಬೇಕು, ಮೇಲಿನವರು ಬೈದಾಗ ಹೇಗೆ ಉತ್ತರ ಕೊಡ್ಬೇಕು, ಇಂಥದ್ದನ್ನೆಲ್ಲ ಜೊತೆಗಿದ್ದು ಹೇಳಿಕೊಡೋದು.

ಸಂಶೋಧಕಿ ಸಾರಾ ಹೆಲ್ಲರ್ ಈ ಮಕ್ಕಳ ಪೊಲೀಸ್ ದಾಖಲೆಯನ್ನ 16 ತಿಂಗಳು ಹಿಂಬಾಲಿಸಿದರು. ಕೆಲಸ ಸಿಕ್ಕವರಲ್ಲಿ ಹಿಂಸೆಯ ಅಪರಾಧಕ್ಕೆ ಬಂಧನ ಆಗೋದು ಶೇಕಡ 43ರಷ್ಟು ಕಡಿಮೆ ಆಗಿತ್ತು. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಇದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು 43 ಅನ್ನೋ ಅಂಕಿ ಅಲ್ಲ. ಆ ಇಳಿಕೆಯ ಬಹುಪಾಲು ಬಂದದ್ದು ಬೇಸಿಗೆ ಮುಗಿದ ಮೇಲೆ. ಕೆಲಸ ಮುಗೀತು, ಸಂಬಳ ನಿಂತಿತು, ಹುಡುಗ ಅದೇ ಬೀದಿಗೆ ವಾಪಸ್ ಬಂದ, ಆಮೇಲೆ ಜಗಳ ಕಡಿಮೆ ಆಯ್ತು. ಬರೀ ಬೀದಿ ಸುತ್ತೋದು ತಪ್ಪಿಸಿದ್ದೇ ಕಾರಣ ಆಗಿದ್ರೆ ಸೆಪ್ಟೆಂಬರ್‌ನಲ್ಲಿ ಎಲ್ಲ ಮೊದಲಿನ ಹಾಗೇ ಆಗಬೇಕಿತ್ತು ಅಲ್ವಾ?

ಇನ್ನೊಂದು ವಿಷಯ. ಆ ಮಕ್ಕಳಲ್ಲಿ ಅರ್ಧ ಜನಕ್ಕೆ 25 ಗಂಟೆಯಲ್ಲಿ 10 ಗಂಟೆ ಕೆಲಸದ ಬದಲು ಸಿಟ್ಟು ಹಿಡಿತದಲ್ಲಿ ಇಟ್ಕೊಳ್ಳೋದು, ಗುರಿ ಇಟ್ಕೊಳ್ಳೋದು, ಇಂಥ ತರಗತಿ ಮಾಡಿದ್ರು. ಆ ಗಂಟೆಗಳಿಗೂ ಸಂಬಳ ಕೊಟ್ರು. ಕೊನೆಗೆ ನೋಡಿದ್ರೆ ಎರಡು ಗುಂಪಿಗೂ ಹೇಳಿಕೊಳ್ಳೋವಂಥ ವ್ಯತ್ಯಾಸ ಇಲ್ಲ. ತರಗತಿ ಕಲಿಸಿದ್ದನ್ನ ಕೆಲಸವೂ ಕಲಿಸಿರಬಹುದು. ಇದು ನನ್ನ ಊಹೆ.

ಊಹೆ ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ನಾನು ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೆಷಿನ್ ಕಾದು ಅಂಗಡಿಯೆಲ್ಲ ಒಂಥರಾ ಸುಟ್ಟ ವಾಸನೆ. ರಿಸಲ್ಟ್ ಬಂದ ಮಾರನೇ ದಿನ ಜನವೋ ಜನ. ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಆದಾಯ ಪ್ರಮಾಣಪತ್ರ, ಎಲ್ಲ ಮೂರು ಮೂರು ಕಾಪಿ. ಯಜಮಾನರು ಪೇಪರ್ ರೀಮ್ ತರೋಕೆ ಹೊರಡ್ತಾ ಗಲ್ಲಾದ ಬೀಗದ ಕೈ ನನ್ನ ಕೈಯಲ್ಲಿ ಇಟ್ಟು, "ನೋಡ್ಕೊಳ್ಳೋ, ಬಂದೆ" ಅಂದ್ರು. ಅಷ್ಟೇ. ಅವರು ಬರೋವರೆಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ನಾನು ಯಾರ ಹತ್ರವೂ ದನಿ ಏರಿಸಲಿಲ್ಲ. ಸಾಲಲ್ಲಿ ನುಗ್ಗಿದವನನ್ನೂ ಅಣ್ಣಾ ಒಂದು ನಿಮಿಷ ಅಂತ ನಿಲ್ಲಿಸಿದೆ. ಮನೆಯಲ್ಲಿ ಅಮ್ಮ ನೂರು ಸಲ ಹೇಳಿದ್ರೂ ಬಾರದ ತಾಳ್ಮೆ ಅದು. ಅಲ್ಲಿವರೆಗೆ ಮನೆಯವರಲ್ಲದ ಯಾರೂ ನನ್ನನ್ನ ನಂಬಿ ಏನನ್ನೂ ಕೊಟ್ಟಿರಲಿಲ್ಲ.

ಶಿಕಾಗೋ ಮಕ್ಕಳಿಗೂ ಇಂಥದ್ದೇ ಏನೋ ಆಗಿರಬೇಕು ಅಂತ ನನಗೆ ಬಲವಾಗಿ ಅನ್ನಿಸತ್ತೆ. ಆದರೆ ಅನ್ನಿಸೋದು ಬೇರೆ, ಸಾಬೀತಾಗೋದು ಬೇರೆ. ಯಾಕೆ ಹಿಂಸೆ ಇಳೀತು ಅನ್ನೋದಕ್ಕೆ ಆ ಅಧ್ಯಯನ ಖಚಿತ ಉತ್ತರ ಕೊಡಲ್ಲ.

ಇಲ್ಲೇ ಸ್ವಲ್ಪ ಹಿಂದಕ್ಕೆ ಬರಬೇಕು. ಬೇಸಿಗೆ ಮುಗಿದ ಮೇಲೂ ಪರಿಣಾಮ ಉಳೀತು ಅಂದೆನಲ್ಲ, ಅದು ಶಿಕಾಗೋ ಮಾತು. ನ್ಯೂಯಾರ್ಕಿನ ತಂಡದವರೇ ಮುಂದೆ ಬಂಧನದ ದಾಖಲೆ ನೋಡಿದಾಗ ಚಿತ್ರ ಬೇರೆ ಬಂತು. ಅಲ್ಲಿ ಬಂಧನ ಇಳಿದಿದ್ದು ಮುಖ್ಯವಾಗಿ ಆ ಬೇಸಿಗೆಯಲ್ಲೇ. ಇಳಿದಿದ್ದೂ ಹೆಚ್ಚಾಗಿ ಮೊದಲೇ ಒಮ್ಮೆ ಪೊಲೀಸರ ಕೈಗೆ ಸಿಕ್ಕಿದ್ದ ಮಕ್ಕಳಲ್ಲಿ. ಅಂಥವರು ಒಟ್ಟು ಮಕ್ಕಳಲ್ಲಿ ಬರೀ ಶೇಕಡ 3. ಅಂದ್ರೆ ನಾನು ಈಗಷ್ಟೇ ಅಲ್ಲಗಳೆದ "ಬೀದಿ ಸುತ್ತಲ್ಲ" ಅನ್ನೋ ವಾದಕ್ಕೆ ನ್ಯೂಯಾರ್ಕಿನಲ್ಲಿ ಸ್ವಲ್ಪ ಬಲ ಇದೆ. ಇದನ್ನ ಮುಚ್ಚಿಟ್ರೆ ನಿಮಗೆ ಮೋಸ ಮಾಡಿದ ಹಾಗೆ. ಎರಡೂ ಊರನ್ನ ಪಕ್ಕ ಪಕ್ಕ ಇಟ್ಟು ನೋಡಿದ್ರೆ ನನಗೆ ಕಾಣೋದು ಇಷ್ಟು: ಹೆಚ್ಚು ಅಪಾಯದಲ್ಲಿರೋ ಮಕ್ಕಳಿಗೆ ಇದರಿಂದ ಹೆಚ್ಚು ಉಪಯೋಗ. ಶಿಕಾಗೋ ಅಂಥ ಶಾಲೆಗಳನ್ನೇ ಹುಡುಕಿ ಹೋಗಿತ್ತು. ನ್ಯೂಯಾರ್ಕ್ ಎಲ್ಲರಿಗೂ ಬಾಗಿಲು ತೆಗೆದಿತ್ತು.

ಹಾಗಾದ್ರೆ ಎಲ್ಲರಿಗೂ ಯಾಕೆ, ಆ ಶೇಕಡ 3 ಮಕ್ಕಳಿಗೆ ಮಾತ್ರ ಕೊಟ್ರೆ ಸಾಕಲ್ಲ ಅಂತ ಕೇಳಬಹುದು. ನಾನು ಬೇಡ ಅಂತೀನಿ. ಪೊಲೀಸ್ ಕೇಸ್ ಇದ್ದವರಿಗೆ ಮಾತ್ರ ಕೊಡೋ ಕೆಲಸ ಅಂತ ಹೆಸರು ಬಿದ್ರೆ ಅಲ್ಲಿಗೆ ಹೋಗೋದೇ ಹಣೆಪಟ್ಟಿ ಆಗತ್ತೆ. ಪಕ್ಕದ ಮೇಜಲ್ಲಿ ಪುಸ್ತಕದ ಹುಳುವೂ ಕೂತಿದ್ರೆ ತಾನೇ ಅದು ಮಾಮೂಲಿ ಕೆಲಸ ಅನ್ನಿಸೋದು?

ಸಂಬಳ ಯಾಕೆ ಬೇಕು, ಅನುಭವ ಸಿಕ್ರೆ ಸಾಲದಾ ಅನ್ನೋದಕ್ಕೆ ಉತ್ತರ ಚಿಕ್ಕದು. ಬಿಟ್ಟಿ ಇಂಟರ್ನ್‌ಶಿಪ್ ಮಾಡೋಕೆ ಆಗೋದು ಮನೆಯಲ್ಲಿ ಊಟ, ಬಸ್ ಚಾರ್ಜು, ಬಟ್ಟೆ, ಎಲ್ಲ ಯಾರೋ ನೋಡ್ಕೊಳ್ಳೋ ಮಕ್ಕಳಿಗೆ. ಬೇರೆಯವರು ಆ ಬೇಸಿಗೆ ಎಲ್ಲಿ ದುಡ್ಡು ಸಿಗತ್ತೋ ಅಲ್ಲಿಗೆ ಹೋಗಲೇಬೇಕು.

ಉಳಿದದ್ದು ಬೇಗ ಹೇಳ್ತೀನಿ. ನ್ಯೂಯಾರ್ಕಿನಲ್ಲಿ ಈಗ 14ರಿಂದ 24 ವಯಸ್ಸಿನವರು ಅರ್ಜಿ ಹಾಕಬಹುದು. 14, 15ರ ಮಕ್ಕಳು ತಂಡವಾಗಿ ಒಂದು ಯೋಜನೆ ಮಾಡ್ತಾರೆ, ಬೇಸಿಗೆಗೆ ಹೆಚ್ಚಂದ್ರೆ 700 ಡಾಲರ್ ಭತ್ಯೆ. ದೊಡ್ಡವರಿಗೆ ನಗರದ ಕನಿಷ್ಠ ವೇತನ, 2024ರಲ್ಲಿ ಅದು ಗಂಟೆಗೆ 16 ಡಾಲರ್. 18 ತುಂಬದವರು ಕೆಲಸಕ್ಕೆ ಸೇರೋ ಮೊದಲು ಶಾಲೆಯಿಂದ ಅನುಮತಿ ಕಾರ್ಡು ತರಬೇಕು, ಚಿಕ್ಕವರಿಗೆ ನೀಲಿ, 16, 17ರವರಿಗೆ ಹಸಿರು. ಅದಕ್ಕೆ ವೈದ್ಯರ ಸಹಿ, ಅಪ್ಪ ಅಮ್ಮನ ಸಹಿ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಅಂತ ನಗರ ಇಡೀ ಕಾರ್ಯಕ್ರಮವನ್ನೇ ರದ್ದು ಮಾಡ್ತು. ಹಿಂದಿನ ವರ್ಷ ಸುಮಾರು 75 ಸಾವಿರ ಮಕ್ಕಳು ಕೆಲಸ ಮಾಡಿದ್ರು. ಹುಡುಗರು ಹುಡುಗಿಯರು ಸುಮ್ಮನಿರಲಿಲ್ಲ, ಪ್ರತಿಭಟನೆ ಮಾಡಿದ್ರು. ಕೊನೆಗೆ 35 ಸಾವಿರ ಜನಕ್ಕೆ ಮನೆಯಿಂದಲೇ ಮಾಡೋ ಥರ ಒಂದು ಚಿಕ್ಕ ಆವೃತ್ತಿ ವಾಪಸ್ ಬಂತು. 2022ರಲ್ಲಿ ಗುರಿ 1 ಲಕ್ಷಕ್ಕೆ ಏರಿತು.

ರಾಜಧಾನಿ ವಾಷಿಂಗ್ಟನ್‌ನಲ್ಲಿ ಇಂಥದ್ದೇ ಬೇಸಿಗೆ ಕೆಲಸದ ಕಾರ್ಯಕ್ರಮವನ್ನ 1979ರಲ್ಲಿ ಶುರು ಮಾಡಿದ್ದು ಮೇಯರ್ ಮೇರಿಯನ್ ಬ್ಯಾರಿ. ಆ ಮನುಷ್ಯನ ಬಗ್ಗೆ ಒಳ್ಳೇದೂ ಕೆಟ್ಟದ್ದೂ ಬೇಕಾದಷ್ಟಿದೆ, 1990ರಲ್ಲಿ ಕೊಕೇನ್ ಪ್ರಕರಣದಲ್ಲಿ ಸಿಕ್ಕಿಬಿದ್ದವರು. ಆದರೂ ನನ್ನ ಮೊದಲ ಕೆಲಸ ಬ್ಯಾರಿ ಕೊಟ್ಟದ್ದು ಅನ್ನೋ ಮಾತು ಆ ಊರಿನಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಕಾರ್ಯಕ್ರಮಕ್ಕೆ ಈಗ ಅವರದೇ ಹೆಸರು.

ನಮ್ಮ ದೇಶದಲ್ಲಿ? 2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾದಾಗ 21ರಿಂದ 24 ವಯಸ್ಸಿನವರಿಗೆ ಇತ್ತು, ತಿಂಗಳಿಗೆ 5,000 ರೂಪಾಯಿ. ನಾನು ಹೇಳ್ತಿರೋ ವಯಸ್ಸು ಅಷ್ಟೊತ್ತಿಗೆ ದಾಟಿಹೋಗಿರತ್ತೆ. 14 ದಾಟಿದ ಮಕ್ಕಳು ಅಪಾಯವಲ್ಲದ ಕೆಲಸ ಮಾಡೋದಕ್ಕೆ ನಮ್ಮ ಕಾನೂನು ಅಡ್ಡಿ ಮಾಡಲ್ಲ. ಆದರೆ ಬಾಲಕಾರ್ಮಿಕ ಪದ್ಧತಿ ವಿರುದ್ಧ ಇಷ್ಟು ವರ್ಷ ಹೋರಾಡಿದ ನಾಡಿನಲ್ಲಿ ಮಕ್ಕಳ ಕೆಲಸ ಅಂದ ತಕ್ಷಣ ಹಲವರಿಗೆ ಅಳುಕು ಬರತ್ತೆ, ಅದು ಬರಲೇಬೇಕಾದ ಅಳುಕು. ಓದು ಬಿಡಿಸಿ ದುಡಿಸೋದಕ್ಕೂ ರಜೆಯಲ್ಲಿ ಮಾತ್ರ, ಗಂಟೆಗೆ ಮಿತಿ ಇಟ್ಟು, ಕನಿಷ್ಠ ವೇತನ ಕೊಟ್ಟು, ಸರ್ಕಾರದ ಕಣ್ಣೆದುರೇ ಕೆಲಸ ಕಲಿಸೋದಕ್ಕೂ ಇರೋ ಅಂತರ ದೊಡ್ಡದು.

ಒಂದು ಬಾಕಿ ಉಳೀತು, ಅದು ಹೇಳದೆ ಮುಗಿಸಲ್ಲ. ಬೇಸಿಗೆ ಕೆಲಸದಿಂದ ಮುಂದೆ ಗಳಿಕೆ ಏರಲಿಲ್ಲ ಅಂದೆ. ಹೆಲ್ಲರ್ ಮತ್ತು ಕೆಸ್ಲರ್ ಕೂತು ಅದರ ಕಾರಣ ಹುಡುಕಿದ್ರು. ಹುಡುಗ ಚೆನ್ನಾಗಿ ಕೆಲಸ ಮಾಡಿದ ಅನ್ನೋದು ಅವನ ಮೇಲ್ವಿಚಾರಕರಿಗೆ ಗೊತ್ತು, ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಅದಕ್ಕೆ 2016, 2017ರಲ್ಲಿ ನ್ಯೂಯಾರ್ಕಿನ ಮೇಲ್ವಿಚಾರಕರಿಗೆ ಚಿಕ್ಕ ಪ್ರಶ್ನಾವಳಿ ಕಳಿಸಿದ್ರು. ಸಮಯಕ್ಕೆ ಬರ್ತಾನಾ, ಹೇಳಿದ್ದು ಅರ್ಥ ಮಾಡ್ಕೋತಾನಾ, ಇಂಥವು. ಅವರು ಕೊಟ್ಟ ಉತ್ತರಗಳಿಂದ ಕಂಪ್ಯೂಟರ್ ಒಂದು ಶಿಫಾರಸು ಪತ್ರ ಮಾಡಿಕೊಡ್ತು. ಇಲ್ಲೂ ಚೀಟಿ ಎತ್ತಿಯೇ ಕೊಟ್ಟರು. ಪತ್ರ ಪಡೆದವರಲ್ಲಿ ಮುಂದಿನ ವರ್ಷ ಕೆಲಸದಲ್ಲಿದ್ದವರ ಪ್ರಮಾಣ 3 ಶೇಕಡಾಂಶ ಮೇಲೆ ಹೋಯ್ತು. ಒಂದು ತೊಡಕೂ ಕಾಣಿಸ್ತು, ಪತ್ರ ಸಿಕ್ಕವರಲ್ಲಿ ಹೈಸ್ಕೂಲನ್ನ ಸಮಯಕ್ಕೆ ಮುಗಿಸೋದು ಸ್ವಲ್ಪ ಹಿಂದೆ ಬಿದ್ದಿರೋ ಸೂಚನೆ ಇತ್ತು. ಕೆಲಸ ಸಿಕ್ತು, ಓದಿಗೆ ಸಮಯ ಕಡಿಮೆ ಆಯ್ತು ಅಂತ ಕಾಣತ್ತೆ.

ನನ್ನ ಜೆರಾಕ್ಸ್ ಅಂಗಡಿ ಯಜಮಾನರು ಪತ್ರ ಗಿತ್ರ ಬರೆದುಕೊಡಲಿಲ್ಲ. ಡಿಗ್ರಿಗೆ ಅಂತ ಊರು ಬಿಟ್ಟಾಗ ನಾನು ಹೋದ ಊರಿನಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ ತಮ್ಮ ಪರಿಚಯದವರಿಗೆ ಫೋನ್ ಮಾಡಿ, "ನಮ್ಮ ಹುಡುಗ, ಗಲ್ಲಾ ಬಿಟ್ಟು ಹೋಗಬಹುದು" ಅಂದ್ರಂತೆ. ಮೂರು ವರ್ಷ ಸಂಜೆ ಐದರಿಂದ ಒಂಬತ್ತು ಅಲ್ಲೇ ಕೆಲಸ ಮಾಡಿದೆ.