ಆಕಾಶದ ಚಿತ್ರ, ನೆಲದ ಹೆಸರು
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯ ಹಿಂದಿನ ನೂರು ವರ್ಷಗಳನ್ನು ಹಿರಿಯರು ಈಗಾಗಲೇ ಸ್ಮರಿಸಿದ್ದಾರೆ. ಮುಂದಿನ ದಿನಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ನಾವು ತಮ್ಮ ಮುಂದಿಡಬಯಸುತ್ತೇವೆ.

ನೂರು ವರ್ಷಗಳ ಹಿಂದೆ ರಾಯದುರ್ಗವು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳೊಡನೆ ಆಂಧ್ರಕ್ಕೆ ಬಂದಿತು. 2022ರ ಏಪ್ರಿಲ್ 4ರಂದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು; ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಬೆಟ್ಟ, ಕೆರೆ, ಹೊಲಗಳು ಇದ್ದಲ್ಲಿಯೇ ಇವೆ. ಅವುಗಳ ವಿಳಾಸ ಮಾತ್ರ ಬದಲಾಗುತ್ತ ಬಂದಿದೆ.

ಈ ನೆಲವನ್ನು ಆಕಾಶದಿಂದ ನೋಡುವ ಕಣ್ಣುಗಳಿಗೆ ಗಡಿಯಿಲ್ಲ. ಭೂಮಿಯನ್ನು ಸಮೀಕ್ಷಿಸುವ ನಮ್ಮ ದೇಶದ ಐ.ಆರ್.ಎಸ್.-1ಎ ಉಪಗ್ರಹವು 1988ರ ಮಾರ್ಚ್ 17ರಂದು ಕಕ್ಷೆ ಸೇರಿತು. ಅಮೆರಿಕವು 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಮೂಲಕ ಸಂಗ್ರಹಿಸಿದ ಚಿತ್ರಗಳು 2008ರಲ್ಲಿ ಎಲ್ಲರಿಗೂ ಉಚಿತವಾದವು. ಇಸ್ರೋದ ‘ಭುವನ್’ ಜಾಲತಾಣ 2009ರಲ್ಲಿ ತೆರೆಯಿತು. ಐದು ಮೀಟರ್ ಹಾಗೂ ಅದಕ್ಕಿಂತ ಸ್ಥೂಲವಾದ ಇಸ್ರೋ ಚಿತ್ರಗಳು ಮುಕ್ತವಾಗಿ ದೊರೆಯಬೇಕೆಂದು 2023ರ ಭಾರತೀಯ ಬಾಹ್ಯಾಕಾಶ ನೀತಿ ಹೇಳುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚೌಕದ ಬದಿ ಹತ್ತು ಮೀಟರ್. ಒಂದು ಎಕರೆ ಹೊಲವೆಂದರೆ ಸುಮಾರು ನಲವತ್ತು ಚೌಕಗಳು. ಇವು ಐದೈದು ದಿನಕ್ಕೊಮ್ಮೆ ನಮ್ಮ ಹೊಲಗಳ ಮೇಲೆ ಹಾದುಹೋಗುತ್ತವೆ. ಆ ಚಿತ್ರಗಳನ್ನೂ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಹೀಗಿದ್ದರೂ ಚಿತ್ರ ದೊರೆತ ಮಾತ್ರಕ್ಕೆ ಅದು ನಮ್ಮ ರೈತನಿಗೆ ಉಪಯೋಗಕ್ಕೆ ಬಾರದು. ಶೇಂಗಾ ಬಳ್ಳಿಯ ಹಸುರು ಆಕಾಶಕ್ಕೆ ಕಾಣುತ್ತದೆ. ಮಣ್ಣಿನೊಳಗೆ ಕಾಯಿ ಕಟ್ಟಿದೆಯೋ ಇಲ್ಲವೋ ಎಂಬುದು ಕಾಣದು. ಅದನ್ನು ಅರಿಯಲು ಆ ಚಿತ್ರವನ್ನು ಮಳೆಯ ಲೆಕ್ಕದೊಡನೆ, ಮಣ್ಣಿನ ಗುಣದೊಡನೆ, ಹಳ್ಳಿಯ ಕಡತದೊಡನೆ ಜೋಡಿಸಬೇಕು. ಈ ಜೋಡಣೆ ಎಲ್ಲರಿಗೂ ಸಾಧ್ಯವಾಗುವಂತೆ ಮಾಹಿತಿಯನ್ನು ಪ್ರಕಟಿಸುವ ಕ್ರಮಕ್ಕೆ ‘ಲಿಂಕ್ಡ್ ಓಪನ್ ಡೇಟಾ’, ಅಂದರೆ ಒಂದಕ್ಕೊಂದು ಬೆಸೆದ ಮುಕ್ತ ದತ್ತಾಂಶ ಎಂದು ಹೆಸರು. ವರ್ಲ್ಡ್ ವೈಡ್ ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು 2006ರಲ್ಲಿ ಇದರ ನಿಯಮಗಳನ್ನು ಬರೆದರು.

ಇದು ಶಾಲೆಗೆ ಹೊಸದೇನಲ್ಲ. ಒಬ್ಬ ವಿದ್ಯಾರ್ಥಿಯ ಹೆಸರು ಹಾಜರಿ ಪುಸ್ತಕದಲ್ಲಿ ಒಂದು ಬಗೆಯಾಗಿ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆಯಾಗಿ ಇರಬಹುದು. ದಾಖಲಾತಿ ಸಂಖ್ಯೆ ಒಂದೇ ಆಗಿರುವುದರಿಂದ ಮಗು ಯಾರೆಂಬ ಸಂಶಯ ಬಾರದು. ಅದರಂತೆಯೇ ಪ್ರತಿ ಊರಿಗೆ, ಕೆರೆಗೆ, ಉಪಗ್ರಹ ಚಿತ್ರಕ್ಕೆ ಜಾಲದಲ್ಲಿ ಬದಲಾಗದ ಒಂದು ಗುರುತು ಇರಬೇಕು; ಆ ಗುರುತಿನ ಮೂಲಕ ಒಂದು ಕಡತ ಇನ್ನೊಂದನ್ನು ತೋರಿಸಬೇಕು. ಜಿಲ್ಲೆ ಬದಲಾದರೂ ಗುರುತು ಬದಲಾಗಬಾರದು. ಅದಿಲ್ಲದೆ 2021ರ ಅನಂತಪುರದ ಪಟ್ಟಿಯನ್ನು 2023ರ ಅನಂತಪುರದ ಪಟ್ಟಿಯೊಡನೆ ಹೋಲಿಸಿದರೆ, ಮಡಕಶಿರಾದ ಹೊಲಗಳೆಲ್ಲ ಮಾಯವಾದಂತೆ ತೋರುತ್ತದೆ.

ಗ್ರೀಸ್ ದೇಶದ ಉದಾಹರಣೆಯನ್ನು ನೋಡೋಣ. ಕಾಳ್ಗಿಚ್ಚನ್ನು ಪತ್ತೆಮಾಡುವ ಉಪಗ್ರಹ ಮಾಹಿತಿಯಲ್ಲಿ ಕೆಲವೊಮ್ಮೆ ಸಮುದ್ರದ ಮೇಲೂ ಬೆಂಕಿ ಕಾಣಿಸುತ್ತಿತ್ತು. ಅಥೆನ್ಸಿನ ರಾಷ್ಟ್ರೀಯ ವೀಕ್ಷಣಾಲಯದ ವಿಜ್ಞಾನಿಗಳು ಆ ಮಾಹಿತಿಯನ್ನು ಕರಾವಳಿಯ ಮತ್ತು ಭೂಬಳಕೆಯ ಮುಕ್ತ ದತ್ತಾಂಶದೊಡನೆ ಬೆಸೆದಾಗ ಅಂಥ ತಪ್ಪುಗಳನ್ನು ಗಣಕವೇ ತೆಗೆದುಹಾಕುವಂತಾಯಿತು.

ನಮ್ಮಲ್ಲಿ ಹಗರಿ ನದಿಯೇ ಇದಕ್ಕೆ ತಕ್ಕ ಪಾಠ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ ವೇದಾವತಿ ಎನಿಸಿ ನಿಂತು, ನಮ್ಮ ಭೈರವಾನಿತಿಪ್ಪ ಜಲಾಶಯಕ್ಕೆ ಬಂದು, ಮತ್ತೆ ಬಳ್ಳಾರಿ ಸೀಮೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಮಳೆಯ ಲೆಕ್ಕ ಒಂದು ರಾಜ್ಯದ್ದು, ಜಲಾಶಯದ ಲೆಕ್ಕ ಇನ್ನೊಂದರದು; ಹೆಸರೂ ಎರಡು. ಎರಡೂ ಹೆಸರುಗಳು ಒಂದೇ ಗುರುತಿಗೆ ಸೇರಿದಾಗ ಮಾತ್ರ ಮೇಲಿನ ಮಳೆಗೂ ಕೆಳಗಿನ ನೀರಿಗೂ ಇರುವ ಸಂಬಂಧ ಕಡತದಲ್ಲಿ ಕಾಣುತ್ತದೆ.

ಗಡಿನಾಡ ಕನ್ನಡಿಗರಾದ ನಮಗೆ ಇನ್ನೂ ಒಂದು ಹೊಣೆಯಿದೆ. ನಾವು ‘ಕೆರೆ’ ಎಂದುದನ್ನು ಇಲ್ಲಿನ ಕಂದಾಯ ಕಡತ ‘ಚೆರುವು’ ಎನ್ನುತ್ತದೆ. ಎರಡೂ ನಮ್ಮವೇ, ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಕಾಗಿಲ್ಲ. ಗುರುತು ಒಂದಿದ್ದರೆ ಎಷ್ಟು ಭಾಷೆಯ ಹೆಸರುಗಳಿಗಾದರೂ ಎಡೆಯಿದೆ. ಆದರೆ ಕಟ್ಟೆ, ಹಳ್ಳ, ದಿಣ್ಣೆಗಳ ಕನ್ನಡ ಹೆಸರುಗಳು ಬಹುಮಟ್ಟಿಗೆ ಉಳಿದಿರುವುದು ಹಿರಿಯರ ನಾಲಗೆಯ ಮೇಲೆ. ಬರೆದಿಡದಿದ್ದರೆ ಅವರೊಡನೆಯೇ ಅವು ಹೋಗುತ್ತವೆ. ಆಗ ಆಕಾಶದ ಚಿತ್ರದಲ್ಲಿ ನಮ್ಮ ಊರು ಕಾಣುತ್ತದೆ, ನಮ್ಮ ಮಾತು ಕಾಣದು.

ಆದುದರಿಂದ ಶತಮಾನೋತ್ಸವದ ಕಾಣಿಕೆಯಾಗಿ ಒಂದು ಕೆಲಸವನ್ನು ಕೈಗೊಳ್ಳೋಣ. ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಊರಿನ ನೀರಿನ ನೆಲೆಗಳ ಹೆಸರುಗಳನ್ನು ಎರಡೂ ಭಾಷೆಗಳಲ್ಲಿ ಬರೆದು ತರಲಿ. ಶಿಕ್ಷಕರಾದ ನಾವು ಅವನ್ನು ಅಕ್ಷಾಂಶ ರೇಖಾಂಶಗಳೊಡನೆ, ಕೇಂದ್ರ ಪಂಚಾಯತಿ ರಾಜ್ ಸಚಿವಾಲಯವು ಗ್ರಾಮಗಳಿಗೆ ಕೊಟ್ಟಿರುವ ಸಂಕೇತ ಸಂಖ್ಯೆಯೊಡನೆ ಹೋಲಿಸಿ ನೋಡುತ್ತೇವೆ. ಗಣಕದ ಕೆಲಸ ಬಲ್ಲ ಹಳೆಯ ವಿದ್ಯಾರ್ಥಿಗಳು ಅವನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಮತ್ತು ವಿಕಿಡೇಟಾಗಳಿಗೆ ಸೇರಿಸಲಿ. ಎರಡೂ ಕನ್ನಡದ ಹೆಸರುಗಳನ್ನು ಸ್ವೀಕರಿಸುತ್ತವೆ. ವಿಕಿಡೇಟಾದಲ್ಲಿ ಪ್ರತಿ ವಸ್ತುವಿಗೂ ಬೇರೆಯೇ ಒಂದು ಗುರುತು ಸಂಖ್ಯೆ ದೊರೆಯುತ್ತದೆ.

ಇಷ್ಟರಿಂದ ಮಳೆ ಬಾರದು, ಬೆಳೆ ಉಳಿಯದು. ಆದರೆ ಬರ ಬಂದ ವರ್ಷ ಯಾವ ಕೆರೆ ಯಾವ ತಿಂಗಳು ಬತ್ತಿತೆಂದು ನಮ್ಮ ಮಕ್ಕಳು ತಮ್ಮ ಭಾಷೆಯಲ್ಲಿಯೇ ಕೇಳಿ, ತೋರಿಸಿ, ವಾದಿಸಬಲ್ಲರು. ಕನ್ನಡ ಶಾಲೆಯೊಂದು ತನ್ನ ಎರಡನೆಯ ಶತಮಾನಕ್ಕೆ ಕಾಲಿಡುವಾಗ ಇದಕ್ಕಿಂತ ಉಚಿತವಾದ ಕಾರ್ಯ ನಮಗೆ ತೋರದು.