ಬೀದಿ ಜಗಳದಿಂದ ನಿಷೇಧಾಜ್ಞೆಯವರೆಗೆ



ಸಂತೆಯಲ್ಲಿ ಇಬ್ಬರು ಕೊರಳಪಟ್ಟಿ ಹಿಡಿದು ಕಿತ್ತಾಡಿದರೂ, ಊರಿನ ಎರಡು ಕೇರಿಗಳು ಕಲ್ಲು ದೊಣ್ಣೆ ಹಿಡಿದು ಎದುರುಬದುರು ನಿಂತರೂ ನಾವು ಆಡುವ ಮಾತು ಒಂದೇ: ಶಾಂತಿ ಕದಡಿತು. ಕಾನೂನು ಮಾತ್ರ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗಲಾಟೆ ಎಷ್ಟು ದೊಡ್ಡದೋ ಸರ್ಕಾರದ ಕೈಗೆ ಅಷ್ಟೇ ಅಧಿಕಾರ ಬರಬೇಕು ಎಂಬುದು ಅದರ ಲೆಕ್ಕ. ಈ ಲೆಕ್ಕ ಪೊಲೀಸರಿಗೆ ಎಷ್ಟು ಗೊತ್ತಿರಬೇಕೋ ನಮಗೂ ಅಷ್ಟೇ ಗೊತ್ತಿರಬೇಕು.

ಸಣ್ಣದರಿಂದ ಶುರು ಮಾಡೋಣ. ಕುಡಿದು ಬೀದಿಯಲ್ಲಿ ರಂಪ ಮಾಡಿ ಜನರಿಗೆ ತೊಂದರೆ ಕೊಟ್ಟವನಿಗೆ 1860ರ ದಂಡ ಸಂಹಿತೆಯಲ್ಲಿ ಹೆಚ್ಚೆಂದರೆ 24 ಗಂಟೆಯ ಸಜೆ ಅಥವಾ 10 ರೂಪಾಯಿ ದಂಡ ಇತ್ತು, ಎರಡನ್ನೂ ವಿಧಿಸಬಹುದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಸಜೆಯನ್ನು ಹಾಗೆಯೇ ಉಳಿಸಿ, ದಂಡದ ಮಿತಿಯನ್ನು 1,000 ರೂಪಾಯಿಗೆ ಏರಿಸಿತು. ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿತು. ಇಬ್ಬರು ಅಥವಾ ಹೆಚ್ಚು ಮಂದಿ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ನೆಮ್ಮದಿ ಕೆಡಿಸಿದರೆ ಒಂದು ತಿಂಗಳವರೆಗೆ ಸಜೆ. ಅದೇ ಹೊಡೆದಾಟ ಮನೆಯೊಳಗೆ ನಡೆದರೆ ಈ ಕಲಂ ಅನ್ವಯಿಸುವುದಿಲ್ಲ, ಹಲ್ಲೆಯ ಕಲಂಗಳು ಬೇರೆ ಇವೆ.

ಐದು ಜನ ಸೇರಿದರೆ ಲೆಕ್ಕ ಬದಲಾಗುತ್ತದೆ. ಬಲಪ್ರಯೋಗದಂಥ ಕೆಟ್ಟ ಉದ್ದೇಶಕ್ಕಾಗಿ ಐವರು ಅಥವಾ ಹೆಚ್ಚು ಮಂದಿ ಕೂಡಿದರೆ ಅದು ಅಕ್ರಮ ಕೂಟ. ಆ ಕೂಟ ಹಿಂಸೆಗೆ ಇಳಿದರೆ ದೊಂಬಿ, ಅದಕ್ಕೆ ಎರಡು ವರ್ಷದವರೆಗೆ ಸಜೆ. ಕೂಟದ ಉದ್ದೇಶ ಸಾಧಿಸಲು ಒಬ್ಬ ಅಪರಾಧ ಮಾಡಿದರೂ, ಆ ಉದ್ದೇಶದಿಂದ ಜೊತೆಯಲ್ಲಿದ್ದ ಎಲ್ಲರೂ ಅದಕ್ಕೆ ಹೊಣೆ. ‘ನಾನು ಕಲ್ಲು ಎಸೆಯಲಿಲ್ಲ, ಸುಮ್ಮನೆ ನಿಂತಿದ್ದೆ’ ಎಂಬ ಒಂದೇ ಮಾತಿನಿಂದ ಬಿಡುಗಡೆ ಸಿಗುವುದಿಲ್ಲ. ಯುವಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಗಲಾಟೆ ಆಗುವ ಮೊದಲೇ ತಡೆಯುವ ದಾರಿಯೂ ಉಂಟು. ಹಬ್ಬ, ಚುನಾವಣೆ ಹತ್ತಿರ ಬಂದಾಗ ಕೆಲವರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದನ್ನು ನೀವು ಕೇಳಿರುತ್ತೀರಿ. ಶಾಂತಿ ಕಾಪಾಡುತ್ತೇನೆ ಎಂದು ದಂಡಾಧಿಕಾರಿಯ ಮುಂದೆ ಬರೆದುಕೊಡುವ ಈ ಮಾತು ಒಂದು ವರ್ಷದವರೆಗೆ ಕಟ್ಟುಪಾಡಾಗಿರಬಹುದು. ಇದು ಶಿಕ್ಷೆಯಲ್ಲ, ಎಚ್ಚರಿಕೆ.

ಹಾಗಾದರೆ ಸಾಮಾನ್ಯ ಗಲಾಟೆ ಯಾವುದು, ಇಡೀ ಸಮಾಜದ ಸುವ್ಯವಸ್ಥೆ ಕೆಡಿಸುವುದು ಯಾವುದು? ಉತ್ತರ ಸಿಕ್ಕಿದ್ದು ರಾಮಮನೋಹರ ಲೋಹಿಯಾ ಅವರ ಮೊಕದ್ದಮೆಯಲ್ಲಿ. 1951ರಲ್ಲಿ ನಮ್ಮ ಕಾಗೋಡಿನ ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ ಅದೇ ಲೋಹಿಯಾ. 1965ರ ಆಗಸ್ಟ್‌ನಲ್ಲಿ ಪಟ್ನಾದ ಜಿಲ್ಲಾ ದಂಡಾಧಿಕಾರಿ ಭಾರತ ರಕ್ಷಣಾ ನಿಯಮಗಳ ಅಡಿ ಅವರನ್ನು ಬಂಧನದಲ್ಲಿಟ್ಟರು. ದಂಡಾಧಿಕಾರಿಯ ಆದೇಶದಲ್ಲಿದ್ದದ್ದು ‘ಕಾನೂನು ಮತ್ತು ಶಿಸ್ತು’. ನಿಯಮ ಕೇಳುತ್ತಿದ್ದದ್ದು ‘ಸಾರ್ವಜನಿಕ ಸುವ್ಯವಸ್ಥೆ’. ಎರಡೂ ಒಂದಲ್ಲ ಎಂದು ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿ ಲೋಹಿಯಾ ಅವರನ್ನು ಬಿಡಿಸಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಇರುವ ಮೂರು ವೃತ್ತಗಳನ್ನು ಮುಂದಿಟ್ಟರು. ಹೊರಗಿನ ದೊಡ್ಡ ವೃತ್ತ ಕಾನೂನು ಮತ್ತು ಶಿಸ್ತು, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಎಲ್ಲಕ್ಕೂ ಒಳಗೆ ರಾಜ್ಯದ ಭದ್ರತೆ. ಇಬ್ಬರು ಕುಡುಕರ ಜಗಳ ಹೊರಗಿನ ವೃತ್ತದ್ದು. ಅದಕ್ಕೆ ಸಾಮಾನ್ಯ ಕಾನೂನು ಸಾಕು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಸ್ತ್ರ ಬೇಡ.

ನಿಷೇಧಾಜ್ಞೆಗೂ ಇಂಥದೇ ಎಚ್ಚರ ಬೇಕು. ಜನ ಇಂದಿಗೂ ‘144’ ಎನ್ನುವ ಆ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ದಂಡಾಧಿಕಾರಿಯ ಆದೇಶ ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ನಿಜವಾದ ಅಭಿಪ್ರಾಯ ಮತ್ತು ದೂರುಗಳನ್ನು ಅಡಗಿಸಲು ಇದನ್ನು ಬಳಸಕೂಡದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳ ವೇಳೆ ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಮರುವರ್ಷ ನಮ್ಮ ಹೈಕೋರ್ಟೇ ಹೇಳಿತು. ಆಯುಧವಿಲ್ಲದೆ ಶಾಂತವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸರ್ಕಾರಕ್ಕೆ ಇಷ್ಟವಾಗದ ಘೋಷಣೆ ಕೂಗಿದ ಮಾತ್ರಕ್ಕೆ ಶಾಂತಿಭಂಗ ಆಗುವುದಿಲ್ಲ.

ಕೇಳುಗರೇ, ಬೀದಿ ಎಲ್ಲರದು. ಜಗಳ ಕಂಡರೆ ಗುಂಪು ಕಟ್ಟಬೇಡಿ, 112ಕ್ಕೆ ಕರೆ ಮಾಡಿ. ಪೊಲೀಸರು ಚದುರಲು ಹೇಳಿದಾಗ ಮೊದಲು ಅಲ್ಲಿಂದ ಹೊರಡಿ, ತಕರಾರಿದ್ದರೆ ನ್ಯಾಯಾಲಯದಲ್ಲಿ ಕೇಳಿ. ನಿಮ್ಮ ಊರಿನಲ್ಲಿ ನಿಷೇಧಾಜ್ಞೆ ಹೊರಟರೆ ಅದರಲ್ಲಿ ಬರೆದ ಕಾರಣವನ್ನು ಓದಿ. ಕಾರಣವೇ ಇಲ್ಲದಿದ್ದರೆ ಪ್ರಶ್ನಿಸಿ. ನೆರೆಯವರ ನೆಮ್ಮದಿಯನ್ನೂ ನಮ್ಮ ಹಕ್ಕನ್ನೂ ಒಟ್ಟಿಗೆ ಕಾಯುವುದು ನಮ್ಮೆಲ್ಲರ ಕರ್ತವ್ಯ.